ಮಾತು ಬಿಟ್ಟವರ ಮೊಲ

ಮೊಲ ಕೊಳ್ಳಲು ಬಂದವರನ್ನು ನಾನು ಎಷ್ಟು ಬೇಕು ಎಂದು ಮೊದಲು ಕೇಳುವುದಿಲ್ಲ. ಮಾತು ಬಿಟ್ಟವರು ಯಾರು ಎಂದು ಕೇಳುತ್ತೇನೆ. ಅದನ್ನು ಹೇಳಿದ ಮೇಲೆಯೇ ಬುಟ್ಟಿಗೆ ಮುಚ್ಚಿದ ಮುತ್ತುಗದ ಎಲೆ ಸರಿಸುವುದು. ಏಕೆಂದರೆ ನಮ್ಮೂರಿನಲ್ಲಿ ಕಾಡುಮೊಲದ ಸಾರು ಕುದಿಯಬೇಕಾದರೆ, ಉಣ್ಣಲು ಕೂತವರಲ್ಲಿ ಒಬ್ಬರೊಡನೊಬ್ಬರು ಮಾತು ಬಿಟ್ಟವರು ಇಬ್ಬರಾದರೂ ಇರಬೇಕು. ಇಲ್ಲದಿದ್ದರೆ ಎಷ್ಟು ಸೌದೆ ಒಟ್ಟಿದರೂ ನೀರು ಬೆಚ್ಚಗಾಗುತ್ತದೆಯೇ ಹೊರತು ಕುದಿ ಬರುವುದಿಲ್ಲ. ಕೋಳಿಗೆ ಈ ಹಟವಿಲ್ಲ, ಕುರಿಗಿಲ್ಲ, ಗೂಡಿನಲ್ಲಿ ಸಾಕಿದ ಬಿಳಿ ಮೊಲಕ್ಕೂ ಇಲ್ಲ. ಹುರುಳಿ ಹೊಲದಲ್ಲಿ ಓಡಾಡಿ ಬೆಳೆದ, ಕತ್ತಿನ ಹಿಂದೆ ಕರಿಮಚ್ಚೆ ಇರುವ ಮೊಲಕ್ಕೆ ಮಾತ್ರ ಇದೆ.

ಹೊರಗಿನವರು ಇದನ್ನು ಕೇಳಿ ನಗುತ್ತಾರೆ. ನಮಗೆ ನಗು ಬರುವುದಿಲ್ಲ, ಬಾಯಲ್ಲಿ ನೀರು ಬರುತ್ತದೆ. ಆ ಸಾರಿನ ರುಚಿ ಕಂಡವರು ಯಾರೂ ಕೈಗೆ ಬಂದ ಜಗಳವನ್ನು ಸುಮ್ಮನೆ ಹಾಳು ಮಾಡಿಕೊಳ್ಳುವುದಿಲ್ಲ. ಬೇಸಿಗೆಯಲ್ಲಿ ಬೇಲಿಯ ವಿಷಯಕ್ಕೆ ಮನಸ್ತಾಪವಾದರೆ, ರಾಜಿ ಮಾಡಿಸಲು ಬಂದವರನ್ನು "ಇರ್ಲಿ ಬುಡಿ, ಹುರುಳಿ ಕೊಯ್ಲಲ್ಲಿ ಮೊಲ ಬಿದ್ದಾಗ ಆಯ್ತದೆ" ಎಂದು ಬಾಗಿಲಲ್ಲೇ ಸಾಗಹಾಕುತ್ತಾರೆ. ಸುಳ್ಳು ಜಗಳ ಮಾತ್ರ ನಡೆಯುವುದಿಲ್ಲ. ಒಮ್ಮೆ ಶಾಲೆಯ ಮೇಷ್ಟ್ರೂ ದರ್ಜಿಯೂ ನಡುಬೀದಿಯಲ್ಲಿ ಕೊರಳಪಟ್ಟಿ ಹಿಡಿದುಕೊಂಡು ಭಾರಿ ನಾಟಕವಾಡಿದರು. ಆಮೇಲೆ ಸಂಜೆಯವರೆಗೆ ಪಾತ್ರೆಯ ಮುಂದೆ ಕೂತು, ಬರೀ ಮುದ್ದೆ ನುಂಗಿ ಎದ್ದುಹೋದರು. ನಿಜವಾದ ಜಗಳಕ್ಕೂ ಒಂದು ಅಪಾಯ ಇದ್ದೇ ಇದೆ. ಒಂದೇ ಪಾತ್ರೆಯಿಂದ ಉಣ್ಣುವಾಗ "ಆ ತೊಡೆ ತುಂಡು ಇತ್ತ ತಳ್ಳು" ಎಂದು ಬಾಯಿತಪ್ಪಿ ಬಂದುಬಿಡುತ್ತದೆ. ಹೀಗೆ ಎಷ್ಟೋ ಒಳ್ಳೊಳ್ಳೆಯ ಜಗಳಗಳು ಒಂದೇ ಊಟಕ್ಕೆ ಖರ್ಚಾಗಿಹೋಗಿವೆ.

ಅದಕ್ಕೇ ಬಡಗಿ ಬೀದಿಯ ಓರಗಿತ್ತಿಯರಿಗೆ ಅಷ್ಟೊಂದು ಬೇಡಿಕೆ ಇತ್ತು. ಯಾವುದೋ ಒರಳುಕಲ್ಲಿನ ವಿಚಾರಕ್ಕೆ ಹದಿನೆಂಟು ವರ್ಷದ ಹಿಂದೆ ಮಾತು ಬಿಟ್ಟವರು ಅವರು. ಯಾರು ಕರೆದರೂ ಇಬ್ಬರೂ ಹೋಗಿ, ಬೆನ್ನಿಗೆ ಬೆನ್ನು ಹಾಕಿ ಕೂತು, ಹೊಟ್ಟೆ ತುಂಬ ಉಂಡು, ಎರಡು ದಾರಿಯಲ್ಲಿ ಮನೆ ಸೇರುತ್ತಿದ್ದರು. ಜಗಳವೇ ಹುಟ್ಟದ ಮನೆಗಳಿಗೆ ಅವರೇ ಗತಿಯಾಗಿದ್ದರು.

ಇಷ್ಟೆಲ್ಲದರ ನಡುವೆ ನನಗೊಂದು ಜಂಬವಿತ್ತು. ಇಡೀ ಊರಿನಲ್ಲಿ ಯಾರ ಜೊತೆಗೂ ಮಾತು ಬಿಡದವಳು ಈ ದೇವೀರಮ್ಮ ಒಬ್ಬಳೇ ಎಂದು ನಾನೇ ನನ್ನ ಬೆನ್ನು ತಟ್ಟಿಕೊಳ್ಳುತ್ತಿದ್ದೆ. ಮಾರುವವಳು ಮುನಿಸು ಕಟ್ಟಿಕೊಂಡರೆ ಬುಟ್ಟಿ ಖಾಲಿಯಾಗುವುದು ಹೇಗೆ? ಗಂಡ ತೀರಿಹೋದ ಮೇಲೆ ಅಪ್ಪನ ಬಲೆಗಳನ್ನೂ ಬುಟ್ಟಿಯನ್ನೂ ಅಟ್ಟದಿಂದ ಇಳಿಸಿದವಳು ನಾನು. ಬೆಳಕು ಹರಿಯುವ ಹೊತ್ತಿಗೆ ಹುರುಳಿ ಹೊಲದ ಅಂಚಿನಲ್ಲಿ ಬಲೆ ಬಿಚ್ಚುತ್ತೇನೆ; ಬಿಸಿಲೇರುವ ಮುಂಚೆ ಸುಲಿದು, ಹಸನು ಮಾಡಿ, ತುಂಡು ಹಾಕಿ ಸಂತೆ ಕಟ್ಟೆಗೆ ತರುತ್ತೇನೆ. ಸುಲಿದ ಮೇಲೆ ಕಾಡಿನ ಮೊಲವೂ ಗೂಡಿನ ಮೊಲವೂ ನೋಡುವುದಕ್ಕೆ ಒಂದೇ. ಹಾಗಾಗಿ ಈ ವ್ಯಾಪಾರ ನಡೆಯುವುದು ಮಾರುವವರ ಮೇಲಿನ ನಂಬಿಕೆಯಿಂದ. ಗೂಡಿನ ಮೊಲವನ್ನು ಕಾಡಿನದೆಂದು ಮಾರಿ ಸಿಕ್ಕಿಬಿದ್ದವರ ಬುಟ್ಟಿಯನ್ನು ಸಂತೆಯ ಯಜಮಾನರು ಎಲ್ಲರೆದುರು ಮಗುಚಿಹಾಕುತ್ತಾರೆ. ಒಮ್ಮೆ ಮಗುಚಿದ ಬುಟ್ಟಿಯನ್ನು ಮತ್ತೆ ಎತ್ತುವ ಹಾಗಿಲ್ಲ.

ನನ್ನ ಬುಟ್ಟಿಗೆ ಆ ಗಂಡಾಂತರ ಬಂದದ್ದು ಕೆಂಪಾಜಮ್ಮನ ಮನೆಯಿಂದ.

ಕೆಂಪಾಜಮ್ಮ ಮತ್ತು ಅವಳ ಗಂಡ ದುಂಡಯ್ಯನ ಅನ್ಯೋನ್ಯ ಊರಿಗೇ ಗೊತ್ತು. ಮೂವತ್ತು ವರ್ಷದಲ್ಲಿ ಒಬ್ಬರ ಮೇಲೊಬ್ಬರು ದನಿ ಎತ್ತಿದವರಲ್ಲ. ಮದುವೆಯಾಗಿ ಎರಡು ತಿಂಗಳಾಗಿದ್ದ ಮಗಳು ಚೆಲುವಿ ಗಂಡನನ್ನು ಕರೆದುಕೊಂಡು ಬಂದಿದ್ದಳು. ಹೊಸ ಅಳಿಯ ಬೇರೆ ಊರಿನವನು; ಕಾಡುಮೊಲದ ಹೆಸರು ಕೇಳಿದ್ದನೇ ಹೊರತು ರುಚಿ ಕಂಡವನಲ್ಲ. ಅವನಿಗೆ ಉಣಬಡಿಸಬೇಕೆಂದು ಕೆಂಪಾಜಮ್ಮ ಓರಗಿತ್ತಿಯರಿಗೆ ಹೇಳಿಕಳಿಸಿ, ನನ್ನ ಹತ್ತಿರ ಒಂದು ದಪ್ಪ ಮೊಲ ತೆಗೆದುಕೊಂಡಳು. ಎರಡು ಬೀದಿ ಆಚೆ ಹಿಟ್ಟಿನ ಗಿರಣಿ ನಡೆಸುವ ಅವಳ ತಮ್ಮ ಮಂಚಯ್ಯನೂ ಊಟಕ್ಕೆ ಬಂದಿದ್ದ. ನಾನು ಬುಟ್ಟಿಯಲ್ಲೇ ಉಳಿದುಹೋಗಿದ್ದ ಆ ಮೊಲದ ಈಲಿಯ ತುಂಡು ಕೊಟ್ಟುಬರೋಣ ಎಂದು ಹೋದವಳು. "ಬಾರವ್ವ, ನೀನೂ ಒಂದು ತುತ್ತು ಉಂಡ್ಕೊಂಡು ಹೋಗು" ಎಂದು ಕೆಂಪಾಜಮ್ಮ ನನಗೂ ಎಲೆ ಹಾಕಿದಳು.

ಅಷ್ಟರಲ್ಲಿ ಬಡಗಿ ಬೀದಿಯಿಂದ ಸುದ್ದಿ ಬಂತು. ಓರಗಿತ್ತಿಯರು ಬರುವುದಿಲ್ಲವಂತೆ. ಬೆಳಿಗ್ಗೆ ಹಿರಿಯವಳು ಬಾವಿಕಟ್ಟೆಯಲ್ಲಿ ಜಾರಿ ಬಿದ್ದಳಂತೆ, ಕಿರಿಯವಳು "ಅಯ್ಯೋ ಅಕ್ಕ!" ಎಂದು ಓಡಿಹೋಗಿ ಎತ್ತಿದಳಂತೆ. ಹದಿನೆಂಟು ವರ್ಷದ ಜಗಳ ಎರಡೇ ಮಾತಿಗೆ ಮುಗಿದುಹೋಗಿತ್ತು. ಕೆಂಪಾಜಮ್ಮ ತಲೆಯ ಮೇಲೆ ಕೈ ಹೊತ್ತು ಕೂತಳು. ಮಸಾಲೆ ಅರೆದಾಗಿತ್ತು, ಪಾತ್ರೆ ಒಲೆಯ ಮೇಲಿತ್ತು. "ಬುಡು, ಹಸಿಮೆಣಸಿನಕಾಯಿ ಚಟ್ನಿ ಅರಿ" ಎಂದು ದುಂಡಯ್ಯ ಸಮಾಧಾನ ಹೇಳಿದ. ಅಳಿಯ ಮಾತ್ರ ಪಾತ್ರೆಯನ್ನು ನೋಡುತ್ತಲೇ ಇದ್ದ.

ಅವನು ನೋಡುತ್ತಿದ್ದ ಹಾಗೆಯೇ ಪಾತ್ರೆ ಕುದಿಯಿತು.

ಸಾರು ಉಕ್ಕಿ ಒಲೆಗೆ ಸುರಿಯುವಷ್ಟು ಕುದಿಯಿತು. ಎಲ್ಲರೂ ಹೋ ಎಂದು ಖುಷಿಪಟ್ಟೆವು. ಮಾಂಸ ಎಲುಬು ಬಿಡುವಷ್ಟು ಬೆಂದಿತ್ತು. ಎಲೆಗೆ ಬಡಿಸಿಯೂ ಆಯಿತು, ಅಳಿಯ ಒಂದು ತುಂಡನ್ನು ಬಾಯಿಯವರೆಗೆ ಎತ್ತಿಯೂ ಆಯಿತು. ಆಗ ಚೆಲುವಿ, "ಅಲ್ಲ ಕಣವ್ವ, ಇಲ್ಲಿ ಮಾತು ಬುಟ್ಟೋರು ಯಾರೂ ಇಲ್ವಲ್ಲ, ಹೆಂಗೆ ಬೆಂತು?" ಎಂದಳು. ಅಳಿಯನ ಕೈ ಅಲ್ಲೇ ನಿಂತಿತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎಲ್ಲರೂ ನನ್ನ ಮುಖ ನೋಡಿದರು. ಗೂಡಿನ ಮೊಲ ಕೊಟ್ಟೆನೇ ಎಂಬ ಅನುಮಾನ ಆ ಕಣ್ಣುಗಳಲ್ಲಿತ್ತು. ಮೊಲ ಕಾಡಿನದು, ಬಲೆಯಿಂದ ನಾನೇ ಬಿಡಿಸಿದ್ದೆ. ಆ ದಿನ ಯಾರೂ ಉಣ್ಣಲಿಲ್ಲ.

ಅಳಿಯ ಪಾಪ, ಕಪಟವಿಲ್ಲದವನು. ಮಾರನೆಯ ದಿನ ಬೀಡಿ ಅಂಗಡಿಯ ಮುಂದೆ ನಿಂತು ಇದನ್ನೆಲ್ಲ ಹೇಳಿಬಿಟ್ಟ. ಮಧ್ಯಾಹ್ನದೊಳಗೆ ಸಂತೆಯ ಯಜಮಾನ ಮಾಕಯ್ಯನವರು ನನ್ನನ್ನು ಕರೆಸಿದರು. ಗುರುವಾರದ ಸಂತೆಯಲ್ಲಿ ಜೀವಂತ ಮೊಲ ತಂದು ಕರಿಮಚ್ಚೆ ತೋರಿಸಬೇಕು, ಎಲ್ಲರೆದುರು ಕೊಯ್ದು ಬೇಯಿಸಬೇಕು, ಆ ದಿನ ಕೂತಿದ್ದ ಆರು ಮಂದಿಯೇ ಎಲೆಯ ಮುಂದೆ ಕೂರಬೇಕು ಎಂದರು. "ಕುದೀಲಿಲ್ಲ ಅಂದ್ರೆ ಅವತ್ತು ನೀನು ಕೊಟ್ಟಿದ್ದು ಗೂಡಿಂದು ಅಂತಾಯ್ತು. ಬುಟ್ಟಿ ಮಗುಚ್ತೀನಿ. ಕುದೀತು ಅಂದ್ರೆ ಆ ಮನೇಲೇ ಯಾರೋ ಒಳಗೊಳಗೇ ಮಾತು ಬುಟ್ಟವ್ರೆ ಅಂತಾಯ್ತು. ಆಗ ನಿನ್ನ ತಪ್ಪಿಲ್ಲ."

ನಾನು ಗೆಲ್ಲುವುದೆಂದರೆ ಆ ಮನೆ ಸೋಲುವುದು ಎಂಬುದು ಮನೆಗೆ ಬರುವಷ್ಟರಲ್ಲಿ ನನ್ನ ತಲೆಗೆ ಹೋಯಿತು. ಸಂಜೆ ಕೆಂಪಾಜಮ್ಮನೇ ಬಂದಳು. ಕಣ್ಣುಗಳು ಕೆಂಪಗಾಗಿದ್ದವು.

"ದೇವೀರಿ, ಗೂಡಿನ ಮೊಲ ಕೊಟ್ಟಿದ್ದೆ ಅಂತ ಒಪ್ಕೊಂಡ್ಬುಡವ್ವ" ಎಂದಳು. "ಬೆಳಗ್ಗಿಂದ ನಮ್ಮೆಜಮಾನ್ರು 'ನನ್ ಮೇಲೆ ಏನಾರ ಅದಾ ಕೆಂಪಿ, ಇದ್ರೆ ಯೋಳ್ಬುಡು' ಅಂತ ಕೇಳ್ತಾನೇ ಅವ್ರೆ. ನಾನೂ ಅವ್ರನ್ನ ಅದನ್ನೇ ಕೇಳ್ತಾ ಇವ್ನಿ. ಮೂವತ್ತು ವರ್ಷದಲ್ಲಿ ಕೇಳದೇ ಇದ್ದ ಮಾತು ಕಣವ್ವ ಇದು. ಚೆಲುವಿ ಗಂಡನ ಮುಖ ನೋಡ್ಕೊಂಡು ಅಳ್ತಾ ಕೂತವ್ಳೆ."

"ಒಪ್ಕೊಂಡ್ರೆ ನಮ್ಮಪ್ಪನ ಬುಟ್ಟಿ ಹೋಯ್ತದಲ್ಲಕ್ಕ" ಎಂದೆ.

"ಹೌದಲ್ವಾ" ಎಂದಳು. ಅವಳು ಕೆಟ್ಟವಳಲ್ಲ. ನನ್ನ ಕೈಯನ್ನೊಮ್ಮೆ ಹಿಡಿದು ಅದುಮಿ ಎದ್ದುಹೋದಳು. ನನಗೆ ಅನ್ನ ಸೇರಲಿಲ್ಲ. ಗಂಡ ಹೆಂಡತಿಯೋ, ಮಗಳು ಅಳಿಯನೋ, ಮಾವ ಅಳಿಯನೋ ಎಂದು ಎಷ್ಟು ಲೆಕ್ಕ ಹಾಕಿದರೂ ಬಗೆಹರಿಯಲಿಲ್ಲ. ಮಂಚಯ್ಯನಂತೂ ಜಗಳವಾಡಲಿಕ್ಕೂ ಬಾಯಿ ತೆರೆಯದ ಮನುಷ್ಯ. ರಾಗಿ ಹಾಕಲು ಹೋದಾಗ ಕೈಸನ್ನೆಯಲ್ಲೇ ಚೀಲ ಇಡು ಎನ್ನುತ್ತಿದ್ದ, ಕೈಸನ್ನೆಯಲ್ಲೇ ತೆಗೆದುಕೊಂಡು ಹೋಗು ಎನ್ನುತ್ತಿದ್ದ. ಗಿರಣಿ ಸದ್ದಿನಲ್ಲಿ ಮಾತಾದರೂ ಯಾರಿಗೆ ಕೇಳಬೇಕು?

ಗುರುವಾರ ಸಂತೆಗೆ ಸಂತೆಯೇ ನನ್ನ ಕಟ್ಟೆಯ ಸುತ್ತ ನೆರೆದಿತ್ತು. ತರಕಾರಿಯವರು ಗುಡ್ಡೆಗಳನ್ನು ಹಾಗೇ ಬಿಟ್ಟು ಬಂದಿದ್ದರು. ಯಜಮಾನರು ಮೊಲದ ಕಿವಿ ಹಿಡಿದೆತ್ತಿ, ಸುತ್ತ ತಿರುಗಿ, ಕರಿಮಚ್ಚೆಯನ್ನು ಎಲ್ಲರಿಗೂ ತೋರಿಸಿದರು. ನಾನು ಅವರೆದುರೇ ಕೊಯ್ದೆ, ಸುಲಿದೆ, ತುಂಡು ಹಾಕಿದೆ. ಕೆಂಪಾಜಮ್ಮ ಮನೆಯಿಂದಲೇ ಮಸಾಲೆ ಅರೆದು ತಂದಿದ್ದಳು. ಇಂಥ ಹೊತ್ತಿನಲ್ಲೂ ಕಾಯಿಯನ್ನು ಹದವಾಗಿ ಹುರಿದಿದ್ದಳು. ಮೂರು ಕಲ್ಲು ಹೂಡಿ ಪಾತ್ರೆ ಇಟ್ಟೆವು. ಆರು ಎಲೆ ಹಾಕಿ ಆರು ಮಂದಿ ಕೂತೆವು. "ಯಜಮಾನ್ರೇ, ನೀವೂ ಕೂತ್ಕಳಿ" ಎಂದು ಯಾರೋ ಕರೆದರೆ, "ಬ್ಯಾಡಪ್ಪ, ನಾನು ಅರ್ಧ ಊರಿನ್ ಜೊತೆ ಮಾತು ಬುಟ್ಟೋನು. ನಾನ್ ಕೂತ್ರೆ ಪರೀಕ್ಷೆ ಕೆಟ್ಟೋಯ್ತದೆ" ಎಂದು ದೂರ ಸರಿದರು.

ಪಾತ್ರೆಯಿಂದ ಹಬೆ ಎದ್ದಿತು. ಆಮೇಲೆ ಒಂದು ಗುಳ್ಳೆ, ಹಿಂದೆಯೇ ಇನ್ನೊಂದು. ನೋಡುತ್ತಿದ್ದಂತೆ ಕೊತಕೊತ ಕುದಿಯತೊಡಗಿತು. ಜನ ಕೇಕೆ ಹಾಕಿದರು. ಯಾರೋ ನನ್ನ ಖಾಲಿ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಕುಣಿದೇಬಿಟ್ಟರು. ನನಗೂ ಹೋದ ಜೀವ ಬಂದಂತಾಯಿತು. ಆದರೆ ಪಕ್ಕಕ್ಕೆ ತಿರುಗಿ ಕೆಂಪಾಜಮ್ಮನ ಮುಖ ನೋಡಿದವಳಿಗೆ ಆ ಕೇಕೆ ಬೇಡವಾಯಿತು.

"ಸಾಕು ಯಜಮಾನ್ರೇ, ಇಲ್ಲಿಗೆ ಬುಟ್ಬುಡಿ" ಎಂದೆ.

ದುಂಡಯ್ಯನೇ ತಡೆದ. "ಬ್ಯಾಡ ದೇವೀರವ್ವ. ಯಾರು ಅಂತ ಗೊತ್ತಾಗ್ದೆ ನಾನು ಮನೆಗೆ ಹೋಗಾಕಿಲ್ಲ."

ಯಜಮಾನರು ಒಬ್ಬೊಬ್ಬರೇ ಎಲೆ ಮಡಿಚಿ ಏಳಬೇಕೆಂದರು. ಮಾತು ಬಿಟ್ಟವರು ಎದ್ದ ಕೂಡಲೇ ಪಾತ್ರೆ ತಣ್ಣಗಾಗುತ್ತದೆ, ಆಗ ಗೊತ್ತಾಗುತ್ತದೆ ಎಂದು ಅವರ ಉಪಾಯ. ಮೊದಲು ಅಳಿಯ ಎದ್ದ, ಪಾತ್ರೆಯನ್ನೇ ನೋಡುತ್ತ, ಒಲ್ಲದ ಮನಸ್ಸಿನಿಂದ. ಕುದಿ ನಿಲ್ಲಲಿಲ್ಲ. ಚೆಲುವಿ ಎದ್ದಳು. ನಿಲ್ಲಲಿಲ್ಲ. ಅವಳು ಗಂಡನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಈಗ ಕೆಂಪಾಜಮ್ಮನ ಸರದಿ. ಅವಳು ಎಲೆಯ ಅಂಚು ಹಿಡಿದು ಕೂತೇ ಇದ್ದಳು. ದುಂಡಯ್ಯ ಕೈ ಚಾಚಿದ; ಏಳುವುದಾದರೆ ಇಬ್ಬರೂ ಒಟ್ಟಿಗೇ ಏಳೋಣ ಎಂದ. ಇಬ್ಬರೂ ಕಣ್ಣು ಮುಚ್ಚಿಕೊಂಡು ಎದ್ದು ನಿಂತರು.

ಪಾತ್ರೆ ಕುದಿಯುತ್ತಲೇ ಇತ್ತು.

ಕೆಂಪಾಜಮ್ಮ ಕಣ್ಣು ಬಿಟ್ಟಳು. ಗುಳ್ಳೆಗಳನ್ನು ನೋಡಿದಳು. ಇಡೀ ಸಂತೆಯ ಎದುರು ಗಂಡನ ಹೆಗಲಿಗೆ ಹಣೆ ಒತ್ತಿ, ನಗುತ್ತಾಳೋ ಅಳುತ್ತಾಳೋ ತಿಳಿಯದ ಹಾಗೆ ನಿಂತುಬಿಟ್ಟಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಕೂತಲ್ಲೇ ಚಪ್ಪಾಳೆ ತಟ್ಟಿದೆ. ತಟ್ಟುತ್ತಲೇ ಇದ್ದೆ. ಸ್ವಲ್ಪ ಹೊತ್ತಿನ ಮೇಲೆ, ತಟ್ಟುತ್ತಿರುವವಳು ನಾನೊಬ್ಬಳೇ ಎಂದು ಗೊತ್ತಾಯಿತು. ಎಲ್ಲರೂ ನನ್ನ ಕಡೆಯೇ ನೋಡುತ್ತಿದ್ದರು. ಯಾರನ್ನು ನೋಡುತ್ತಿದ್ದಾರೆಂದು ನಾನೂ ಹಿಂದೆ ತಿರುಗಿ ನೋಡಿದೆ. ಹಿಂದೆ ಕಲ್ಲಿನ ಕಂಬವಿತ್ತು. ಎಲೆಯ ಮುಂದೆ ಉಳಿದವರು ಇಬ್ಬರೇ, ನಾನು ಮತ್ತು ಮಂಚಯ್ಯ. ಐದು ದಿನ ಎಲ್ಲರನ್ನೂ ಲೆಕ್ಕ ಹಾಕಿದವಳು ನನ್ನನ್ನೇ ಬಿಟ್ಟಿದ್ದೆ.

"ನನ್ ಜೊತೇಲಾ?" ಎಂದೆ. "ನನ್ ಜೊತೆ ಮಾತು ಬುಟ್ಟಿದ್ದೀಯಾ? ಯಾವಾಗಿಂದ?"

ಮಂಚಯ್ಯ ಎಲೆಯಿಂದ ಕಣ್ಣೆತ್ತಲಿಲ್ಲ. ಒಂದು ಕೈಯ ಐದು ಬೆರಳು, ಇನ್ನೊಂದು ಕೈಯ ಒಂದು ಬೆರಳು ಎತ್ತಿದ.

"ಆರು ದಿನದಿಂದಲಾ?" ಅವನು ಅಲ್ಲವೆಂದು ತಲೆಯಾಡಿಸಿದ. "ಆರು ತಿಂಗಳಾ?" ಮತ್ತೆ ತಲೆಯಾಡಿಸಿದ.

ಸಂತೆ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. "ಆರು ವರ್ಷದಿಂದ ಒಬ್ಬ ಮಾತಾಡ್ತಾ ಇಲ್ಲ ಅನ್ನೋದು ನಿಂಗೆ ಗೊತ್ತೇ ಆಗ್ಲಿಲ್ವೇನಮ್ಮ?" ಎಂದು ಯಜಮಾನರು ಕೇಳಿದರು. "ಗಿರಣಿ ಸದ್ದು..." ಎಂದೆ. ಅದಕ್ಕೆ ಇನ್ನಷ್ಟು ನಕ್ಕರು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಯಾರ ಜೊತೆಗೂ ಮಾತು ಬಿಡದವಳು ಎಂದು ಮೆರೆದವಳು ನಾನು. ನನ್ನ ಜೊತೆ ಯಾರಾದರೂ ಮಾತು ಬಿಟ್ಟಿರಬಹುದು ಎಂದು ಒಂದು ದಿನವೂ ಯೋಚಿಸಿದವಳಲ್ಲ.

ಆಗ ಮಂಚಯ್ಯ ಬಾಯಿ ತೆರೆದ. ನನಗೆ ಹೇಳಲಿಲ್ಲ, ಮಾತು ಬಿಟ್ಟವರ ಕ್ರಮದ ಹಾಗೆ ಅಕ್ಕನಿಗೆ ಹೇಳಿದ.

"ಅಕ್ಕ, ಆರು ವರ್ಷದ ಹಿಂದೆ ಇದೇ ಕಟ್ಟೇಲಿ ನಾನು ಒಂದು ಮಾತು ಹೇಳಿದ್ದೆ ಅಂತ ಅವಳಿಗೆ ಹೇಳು."

"ಒಂದು ಮಾತು ಹೇಳಿದ್ನಂತೆ ಕಣವ್ವ" ಎಂದು ಕೆಂಪಾಜಮ್ಮ ನನ್ನ ಕಡೆ ತಿರುಗಿದಳು.

"ಏನು ಹೇಳಿದ್ನಂತೆ ಕೇಳಕ್ಕ" ಎಂದೆ ನಾನು. ಪಾತ್ರೆ ಕೊತಕೊತ ಎನ್ನುತ್ತಿತ್ತು.

"'ನಿನ್ ಜೊತೆ ಕೂತು ಒಂದು ದಿನಾನೂ ನಂಗೆ ಮೊಲ ಉಣ್ಣಾಕೆ ಆಗ್ಬಾರ್ದು' ಅಂದಿದ್ದೆ ಅಂತ ಹೇಳು."

ಕೆಂಪಾಜಮ್ಮ ಅದನ್ನು ನನಗೆ ದಾಟಿಸಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡಳು. ನಮ್ಮೂರಿನ ಗಂಡಸು ಒಬ್ಬ ಹೆಂಗಸಿಗೆ ಹೇಳಬಹುದಾದ ಮಾತುಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ. ನಮ್ಮಿಬ್ಬರ ನಡುವೆ ಯಾವತ್ತೂ ಮಾತು ನಿಲ್ಲದಿರಲಿ, ನಮ್ಮ ಒಲೆಯ ಮೇಲೆ ಮೊಲ ಬೇಯದೇ ಇರಲಿ ಎಂದು ಅದರ ಅರ್ಥ. ಮದುವೆಯಾಗುತ್ತೀಯಾ ಎಂದು ನಮ್ಮಲ್ಲಿ ಹಾಗೆಯೇ ಕೇಳುವುದು.

ನನಗೆ ಆ ದಿನ ನೆನಪಿಗೆ ಬಂತು. ಹಬ್ಬದ ಮಾರನೆಯ ದಿನ, ಕಟ್ಟೆಯ ಮುಂದೆ ನೂಕುನುಗ್ಗಲು. ಹಿಟ್ಟಿನ ಧೂಳಿಲ್ಲದ ಬಿಳಿ ಅಂಗಿ ಹಾಕಿಕೊಂಡು ಈ ಮನುಷ್ಯ ಬಂದು ನಿಂತಿದ್ದ. ಕೈಯಲ್ಲಿ ಚೀಲವಿರಲಿಲ್ಲ. ಕತ್ತಿ ಆಡಿಸುತ್ತಿದ್ದ ನನ್ನ ಕಿವಿಗೆ ಬಿದ್ದದ್ದು 'ಮೊಲ ಉಣ್ಣಾಕೆ ಆಗ್ಬಾರ್ದು' ಎಂಬುದಷ್ಟೇ. ನನ್ನ ಮಾಂಸವನ್ನು ಹೀಗಳೆಯುತ್ತಿದ್ದಾನೆ ಎಂದುಕೊಂಡೆ. "ಬ್ಯಾಡ್ದಿದ್ರೆ ಬುಡಿ, ತಗೊಳೋರಿಗೇನು ಬರವಾ?" ಎಂದು ತಲೆ ಎತ್ತದೆ ಅಂದಿದ್ದೆ. ತಲೆ ಎತ್ತುವಷ್ಟರಲ್ಲಿ ಅವನು ಹೋಗಿದ್ದ.

ಇನ್ನು ಅಕ್ಕನ ಮೂಲಕ ಹೇಳಿಸುವ ವ್ಯವಧಾನ ನನಗಿರಲಿಲ್ಲ. "ನಾನು ಮಾಂಸಕ್ಕೆ ಹೇಳ್ದೆ ಕಣಯ್ಯ, ನಿಂಗಲ್ಲ!" ಎಂದೆ.

ಮಂಚಯ್ಯ ಮೊದಲ ಸಲ ತಲೆ ಎತ್ತಿದ. "ನಾನು ನಂಗೇ ಹೇಳ್ದೆ ಅಂದ್ಕೊಂಡೆ" ಎಂದ. ಅಕ್ಕನಿಗಲ್ಲ, ನೇರ ನನಗೇ ಹೇಳಿದ.

ಕುದಿ ಥಟ್ಟನೆ ನಿಂತಿತು.

"ಅಯ್ಯೋ, ಅಯ್ಯೋ, ಇನ್ನೊಂದ್ ಗಳಿಗೆ ತಡ್ಕಳ್ರೀ!" ಎಂದು ಅಳಿಯ ಕೂಗಿಕೊಂಡ. "ಅರ್ಧ ಬೆಂದದೆ!" ಜನರೂ ದನಿಗೂಡಿಸಿದರು. ಬೇಯುವವರೆಗಾದರೂ ಅಕ್ಕನ ಮೂಲಕವೇ ಮಾತಾಡಿಕೊಳ್ಳಿ, ರಾಜಿ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಯಜಮಾನರೇ ಬೇಡಿಕೊಂಡರು. ಯಾರು ಕೇಳಬೇಕು? ಮಂಚಯ್ಯ ಬಾಯಿ ಮುಚ್ಚುವ ಹಾಗೇ ಕಾಣಲಿಲ್ಲ. ನನ್ನ ರಾಗಿಯನ್ನು ಯಾವತ್ತೂ ಬೇರೆಯವರದರ ಜೊತೆ ಬೆರೆಸಿಲ್ಲ ಎಂದ. ಗಿರಣಿಯ ಕಲ್ಲಿಗೆ ಹೊಸ ಹಲ್ಲು ಹೊಡೆಸಿದಾಗ, ಹಿಟ್ಟು ನುಣ್ಣಗೆ ಬರುತ್ತದೆಂದು ಮೊದಲು ನನ್ನ ಚೀಲಕ್ಕೇ ಕಾಯುತ್ತಿದ್ದನಂತೆ. ನನ್ನ ಕೆಂಪು ಸೀರೆ ಹರಿದದ್ದು ಅವನಿಗೆ ಗೊತ್ತಿತ್ತು, ನನಗೆ ಜ್ವರ ಬಂದದ್ದು ಗೊತ್ತಿತ್ತು. ಆರು ವರ್ಷದ ಮಾತು ಒಂದರ ಮೇಲೊಂದು ಬಿದ್ದು ಬರುತ್ತಿತ್ತು. ನಾನು ಕೇಳುತ್ತ ಕೂತೆ. ಕಣ್ಣಲ್ಲಿ ನೀರು ಬರುತ್ತಿತ್ತು, ನಗುವೂ ಬರುತ್ತಿತ್ತು. ಅವನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, "ನಂಗೂ ನಿನ್ ಜೊತೆ ಮೊಲ ಉಣ್ಣಾಕೆ ಆಗ್ಬಾರ್ದು ಕಣಯ್ಯ" ಎಂದೆ. ನಾನೂ ಎಲೆ ಮಡಿಚಿದೆ, ಅವನೂ ಮಡಿಚಿದ.

ಅರ್ಧ ಬೆಂದ ಮೊಲದ ಗತಿ ಏನು ಎಂದು ಕೇಳಬೇಡಿ. ಪರೀಕ್ಷೆ ಮುಗಿಯಿತಲ್ಲ ಎಂದು ಜನ ಯಜಮಾನರನ್ನೇ ಎತ್ತಿ ತಂದು ಎಲೆಯ ಮುಂದೆ ಕೂರಿಸಿದರು, ಎದುರಿಗೆ ಅವರೊಡನೆ ಮಾತು ಬಿಟ್ಟ ತರಕಾರಿಯವರನ್ನೆಲ್ಲ ಸಾಲಾಗಿ ಕೂರಿಸಿದರು. ಮುಚ್ಚಳ ಹಾರಿಬೀಳುವಷ್ಟು ಜೋರಾಗಿ ಕುದಿ ಬಂತು. ಅಳಿಯ ಮೊದಲ ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದವನು ಎಷ್ಟೋ ಹೊತ್ತು ತೆರೆಯಲೇ ಇಲ್ಲ.

ಇದಾಗಿ ಒಂಬತ್ತು ವರ್ಷವಾಯಿತು. ಈಗಲೂ ಊರಿಗೆಲ್ಲ ಮೊಲ ಮಾರುವವಳು ನಾನೇ. ಮೊನ್ನೆ ನನಗೂ ಮಂಚಯ್ಯನಿಗೂ ಜೋರು ಮಾತಾಯಿತು. ಬಲೆ ಒಣಗಿಸುವ ಜಾಗದಲ್ಲಿ ಹಿಟ್ಟಿನ ಚೀಲ ಒಟ್ಟಿದ್ದ, ನಾನು ಬಾಯಿಗೆ ಬಂದದ್ದನ್ನು ಅಂದುಬಿಟ್ಟ ಮೇಲೆ ಅವನು ಮುಖ ಊದಿಸಿಕೊಂಡು ಗಿರಣಿಗೆ ಹೋದ. ಮಧ್ಯಾಹ್ನದ ಊಟಕ್ಕೆ ಬರಲಿಲ್ಲ. ಆ ದಿನ ಬುಟ್ಟಿಯಲ್ಲಿ ಒಂದು ಮೊಲ ಉಳಿದಿತ್ತು. ಸಂಜೆ ಅದನ್ನು ಒಲೆಯ ಮೇಲಿಟ್ಟೆ. ಏಕೆ ಇಟ್ಟೆ ಎಂದರೆ ಹೇಳಲಾರೆ. ಎರಡು ಎಲೆ ಹಾಕಿದೆ. ಅವನು ಬಂದ, ಪಾತ್ರೆ ನೋಡಿದ, ಏನೂ ಅನ್ನದೆ ಎದುರಿಗೆ ಕೂತ. ಸೌದೆ ಹೊತ್ತಿ ಉರಿಯಿತು. ನೀರು ಬೆಚ್ಚಗಾಯಿತು. ಇಬ್ಬರೂ ಬಗ್ಗಿ ನೋಡಿದೆವು. "ಇನ್ನೊಂದೆರಡು ಸೌದೆ ಹಾಕ್ಲಾ?" ಎಂದು ಅವನು ಮೆಲ್ಲಗೆ ಕೇಳಿದ. "ಹಾಕು" ಎಂದೆ. ಹಾಕಿದ. ಬಹಳ ಹೊತ್ತು ಕಾದೆವು. ಒಂದು ಗುಳ್ಳೆಯೂ ಏಳಲಿಲ್ಲ. ಅವನು ನಕ್ಕ, ನಾನೂ ನಕ್ಕೆ. ಆಮೇಲೆ ಪಾತ್ರೆ ಕೆಳಗಿಳಿಸಿ, ಇಬ್ಬರೂ ಉಪ್ಪಿನಕಾಯಿ ನೆಂಚಿಕೊಂಡು ಮುದ್ದೆ ಉಂಡೆವು.